ಇಂಗ್ಲಿಷಿನ ತಪ್ಪು, ಕನ್ನಡದ ಕಣ್ಣು

ಕಳೆದ ಸೆಮಿಸ್ಟರಿನ ಕೊನೆಯ ವಾರದಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ವಿಭಾಗದ ಕೋಣೆಗೆ ಬಂದಳು. ಕೈಯಲ್ಲಿ ಪಿ.ಎಸ್.ಸಿ. ಪರೀಕ್ಷೆಗೆಂದು ಕೊಂಡ ಅಭ್ಯಾಸ ಪುಸ್ತಕವಿತ್ತು. ಅದರ ಸಾಮಾನ್ಯ ಇಂಗ್ಲಿಷ್ ಭಾಗದಲ್ಲಿ ವಾಕ್ಯದ ತಪ್ಪನ್ನು ಗುರುತಿಸುವ 20 ಪ್ರಶ್ನೆಗಳಿದ್ದುವು. ಆಕೆ ಬರೆದ ಉತ್ತರಗಳಲ್ಲಿ ಸರಿಯಾದುವು 7. “ಸರ್, ನಾನು ಹತ್ತನೆಯವರೆಗೂ ಕನ್ನಡ ಮಾಧ್ಯಮ, ಈಗ ಐಚ್ಛಿಕ ಕನ್ನಡ. ಇದು ನಮ್ಮಂಥವರಿಗೆ ಹೇಳಿಸಿದ್ದಲ್ಲ” ಎಂದಳು. ಆ ಮಾತಿನಲ್ಲಿ ದೂರು ಇರಲಿಲ್ಲ, ತೀರ್ಮಾನವಿತ್ತು. ಅದೇ ನನ್ನನ್ನು ಹೆಚ್ಚು ಕಾಡಿತು.

ನಾನು ಆಕೆಯ ಪುಸ್ತಕದಿಂದ ಒಂದು ವಾಕ್ಯವನ್ನು ಓದಿದೆ: ‘ಒನ್ ಆಫ್ ಮೈ ಫ್ರೆಂಡ್ ಆರ್ ಕಮಿಂಗ್ ಟುಡೇ.’ ಇದನ್ನು ಕನ್ನಡದಲ್ಲಿ ಹೇಳು ಎಂದೆ. “ನನ್ನ ಗೆಳತಿಯರಲ್ಲಿ ಒಬ್ಬಳು ಇವತ್ತು ಬರುತ್ತಾಳೆ” ಎಂದಳು. ‘ಗೆಳತಿಯಲ್ಲಿ ಒಬ್ಬಳು’ ಎಂದು ಯಾಕೆ ಹೇಳಲಿಲ್ಲ, ‘ಬರುತ್ತಾರೆ’ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಹಾಗೆ ಹೇಳುವುದುಂಟೇ ಸರ್?” ಎಂದು ನಕ್ಕಳು. ನಗು ಮುಗಿಯುವ ಮೊದಲೇ ಆಕೆಯ ಪೆನ್ಸಿಲು ‘ಫ್ರೆಂಡ್’ ಎಂಬಲ್ಲಿಗೂ ‘ಆರ್’ ಎಂಬಲ್ಲಿಗೂ ಹೋಗಿತ್ತು. ಒಂದು ತಪ್ಪನ್ನು ಕೇಳಿದ ಪ್ರಶ್ನೆಯಲ್ಲಿ ಆಕೆ ಎರಡನ್ನು ಹಿಡಿದಿದ್ದಳು.

ಆ ಮಧ್ಯಾಹ್ನ ನಾವು ತಪ್ಪಾಗಿದ್ದ ಹದಿಮೂರು ಪ್ರಶ್ನೆಗಳನ್ನೂ ಹೀಗೆಯೇ ನೋಡಿದೆವು. ಎಂಟು ಪ್ರಶ್ನೆಗಳಿಗೆ ಆಕೆಗೆ ಗೊತ್ತಿದ್ದ ಕನ್ನಡವೇ ಉತ್ತರ ಕೊಟ್ಟಿತು. ಮೂರರಲ್ಲಿ ಕನ್ನಡವೇ ಆಕೆಯನ್ನು ದಾರಿ ತಪ್ಪಿಸಿತ್ತು. ಉಳಿದ ಎರಡರಲ್ಲಿ ಕನ್ನಡಕ್ಕೆ ಹೇಳುವುದೇನೂ ಇರಲಿಲ್ಲ. ಇಂಗ್ಲಿಷ್ ವಾಕ್ಯದ ತಪ್ಪನ್ನು ಗುರುತಿಸುವ ಕೆಲಸಕ್ಕೆ ಐಚ್ಛಿಕ ಕನ್ನಡ ಅಡ್ಡಿಯೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ನಂಬಿದ್ದಾರೆ. ನಾನು ಅದರ ವಿರುದ್ಧವನ್ನೇ ಹೇಳಬಯಸುತ್ತೇನೆ. ಕನ್ನಡ ವ್ಯಾಕರಣವನ್ನು ಚೆನ್ನಾಗಿ ಓದಿದವರಿಗೆ ಈ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗ ಮೊದಲೇ ಕೈವಶವಾಗಿರುತ್ತದೆ. ಅದನ್ನು ಅವರಿಗೆ ತೋರಿಸಿಕೊಡದೆ ಇರುವುದು ಕನ್ನಡ ವಿಭಾಗದ ಲೋಪ.

ದೋಷವನ್ನು ಕಾಣುವುದು ನಮ್ಮ ಪರಂಪರೆಗೆ ಹೊಸತಲ್ಲ. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥವಾದ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಮೊದಲ ಪರಿಚ್ಛೇದಕ್ಕೆ ದೋಷಾದೋಷಾನುವರ್ಣನ ನಿರ್ಣಯವೆಂದು ಹೆಸರು. ಒಳ್ಳೆಯ ಕಾವ್ಯ ಯಾವುದೆಂದು ಹೇಳಹೊರಟ ಗ್ರಂಥ ಮೊದಲು ತಪ್ಪನ್ನೂ ತಪ್ಪಲ್ಲದ್ದನ್ನೂ ಬೇರ್ಪಡಿಸುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಹಿಂದಿನ ಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡು ಯಾವುದು ಸಾಧು, ಯಾವುದು ಅಸಾಧು ಎಂದು ತೂಗುತ್ತಾನೆ. ಇವೆರಡನ್ನೂ ಪಠ್ಯವಾಗಿ ಓದುವ ವಿದ್ಯಾರ್ಥಿ ‘ತಪ್ಪನ್ನು ಗುರುತಿಸಿ’ ಎಂಬ ಪ್ರಶ್ನೆಯನ್ನು ಕಂಡು ಹಿಮ್ಮೆಟ್ಟಬೇಕಾಗಿಲ್ಲ.

ಅದಕ್ಕಿಂತಲೂ ಹತ್ತಿರದ ಇನ್ನೊಂದು ಸಾಧನ ನಮ್ಮಲ್ಲಿದೆ; ಅದು ಅನ್ವಯ. ಹಳಗನ್ನಡದ ಪದ್ಯವೊಂದು ಎದುರಾದಾಗ ನಾವೇನು ಮಾಡುತ್ತೇವೆ? ಮೊದಲು ಪೂರ್ಣಕ್ರಿಯಾಪದವನ್ನು ಹುಡುಕುತ್ತೇವೆ. ಅದರ ಪುರುಷ, ಲಿಂಗ, ವಚನಗಳನ್ನು ನೋಡಿ ಕರ್ತೃಪದವನ್ನು ಹಿಡಿಯುತ್ತೇವೆ. ಆಮೇಲೆ ವಿಭಕ್ತಿಗಳನ್ನು ಅನುಸರಿಸಿ ಒಂದೊಂದು ಪದವನ್ನೂ ಅದರ ಜಾಗದಲ್ಲಿ ಕೂರಿಸುತ್ತೇವೆ. ಇಂಗ್ಲಿಷ್ ವಾಕ್ಯದಲ್ಲಿ ತಪ್ಪು ಹುಡುಕುವವನು ಮಾಡಬೇಕಾದದ್ದೂ ಇದೇ. ಪಂಪನ ಚಂಪಕಮಾಲೆಗೆ ಅನ್ವಯ ಹೇಳಬಲ್ಲವರಿಗೆ ಹದಿನೈದು ಪದಗಳ ಇಂಗ್ಲಿಷ್ ವಾಕ್ಯ ದೊಡ್ಡದಲ್ಲ. ಮೂರು ಉದಾಹರಣೆಗಳಿಂದ ಇದನ್ನು ತೋರಿಸುತ್ತೇನೆ.

ಮೊದಲನೆಯದು ಕರ್ತೃವಿಗೂ ಕ್ರಿಯೆಗೂ ಇರುವ ಹೊಂದಾಣಿಕೆ. ‘ದ ಪ್ರೈಸ್ ಆಫ್ ಅರೆಕಾನಟ್ಸ್ ಹ್ಯಾವ್ ಫಾಲನ್’ ಎಂಬ ವಾಕ್ಯ ಕಿವಿಗೆ ಸರಿಯೆನಿಸುತ್ತದೆ. ಕ್ರಿಯಾಪದದ ಪಕ್ಕದಲ್ಲೇ ಬಹುವಚನದ ‘ಅರೆಕಾನಟ್ಸ್’ ಇದೆಯಲ್ಲ! ಈಗ ಕನ್ನಡದಲ್ಲಿ ಹೇಳಿ: ‘ಅಡಿಕೆಗಳ ಬೆಲೆ ಇಳಿದಿದೆ.’ ಇಳಿದದ್ದು ಯಾವುದು? ಬೆಲೆ. ‘ಅಡಿಕೆಗಳ’ ಎಂಬುದು ಷಷ್ಠಿ; ಅದು ಈ ವಾಕ್ಯದ ಕರ್ತೃವಾಗಲಾರದು. ಆದ್ದರಿಂದ ಇಂಗ್ಲಿಷಿನಲ್ಲಿಯೂ ‘ಹ್ಯಾವ್’ ಹೋಗಿ ‘ಹ್ಯಾಸ್’ ಬರಬೇಕು. ಕನ್ನಡದಲ್ಲಿ ಷಷ್ಠಿಯ ಪದ ಮುಂದೆ ನಿಂತು ಕರ್ತೃವನ್ನು ಕ್ರಿಯೆಯ ಕಡೆಗೆ ಬಿಡುತ್ತದೆ. ಇಂಗ್ಲಿಷಿನಲ್ಲಿ ‘ಆಫ್’ ಎಂದು ಆರಂಭವಾಗುವ ಗುಂಪು ಕರ್ತೃವಿಗೂ ಕ್ರಿಯೆಗೂ ನಡುವೆ ನುಗ್ಗಿ ಕುಳಿತುಕೊಳ್ಳುತ್ತದೆ. ಪರೀಕ್ಷೆಯ ಪ್ರಶ್ನೆಗಳು ಹೂಡುವ ಬಲೆ ಹೆಚ್ಚಾಗಿ ಇದೇ. ‘ಈಚ್ ಆಫ್ ದ ಬಾಯ್ಸ್ ಹ್ಯಾವ್ ಎ ಬುಕ್’ ಎಂಬಲ್ಲಿಯೂ ದಾರಿ ಇದೇ. ಹುಡುಗರಲ್ಲಿ ಪ್ರತಿಯೊಬ್ಬನ ಬಳಿಯೂ ಪುಸ್ತಕವಿದೆ. ‘ಪ್ರತಿಯೊಬ್ಬ’ ಎಂದೊಡನೆ ಅದು ಏಕವಚನ.

ನಮ್ಮ ಕಾಸರಗೋಡಿನ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೊಂದು ಅನುಕೂಲವೂ ಇದೆ. ಮಲಯಾಳದಲ್ಲಿ ಕ್ರಿಯಾಪದ ಕರ್ತೃವಿಗೆ ತಕ್ಕಂತೆ ಬದಲಾಗುವುದಿಲ್ಲ. ಅವನ್ ಪೋಯಿ, ಅವಳ್ ಪೋಯಿ, ಅವರ್ ಪೋಯಿ. ಕನ್ನಡದಲ್ಲಿ ಪ್ರತಿಯೊಂದಕ್ಕೂ ಬೇರೆ ರೂಪ: ಹೋದನು, ಹೋದಳು, ಹೋದರು. ಇಂಗ್ಲಿಷ್ ಇವೆರಡರ ನಡುವೆ ನಿಂತಿದೆ. ‘ವೆಂಟ್’ ಎಂಬುದು ಎಲ್ಲರಿಗೂ ಒಂದೇ. ‘ಗೋ’ ಮಾತ್ರ ಪ್ರಥಮಪುರುಷ ಏಕವಚನದಲ್ಲಿ ‘ಗೋಸ್’ ಆಗುತ್ತದೆ. ಬಸ್ಸಿನಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ, ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವ ವಿದ್ಯಾರ್ಥಿಗೆ ಭಾಷೆಗಳು ಬೇರೆ ಬೇರೆ ರೀತಿಯಲ್ಲಿ ನಡೆದುಕೊಳ್ಳುತ್ತವೆ ಎಂಬುದನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಅದು ಅವನ ದಿನನಿತ್ಯದ ಅನುಭವ. ಆ ಅನುಭವವನ್ನು ಹೆಸರಿಟ್ಟು ಗುರುತಿಸುವುದಷ್ಟೇ ಬಾಕಿ.

ಎರಡನೆಯದು ಅಪೂರ್ಣಕ್ರಿಯೆ. ‘ವಾಕಿಂಗ್ ಟು ಕಾಲೇಜ್, ಎ ಡಾಗ್ ಬಿಟ್ ಮಿ.’ ಇದರಲ್ಲಿ ತಪ್ಪೇನೆಂದು ಕೇಳಿದರೆ ತರಗತಿ ಮೌನವಾಗುತ್ತದೆ. ಕನ್ನಡಕ್ಕೆ ತನ್ನಿ: ‘ಕಾಲೇಜಿಗೆ ನಡೆಯುತ್ತ ನಾಯಿ ನನ್ನನ್ನು ಕಚ್ಚಿತು.’ ತರಗತಿ ನಗುತ್ತದೆ, ಯಾಕೆಂದರೆ ಕಾಲೇಜಿಗೆ ಹೊರಟದ್ದು ನಾಯಿಯೆಂದಾಯಿತು. ‘ನಡೆದು’, ‘ನಡೆಯುತ್ತ’ ಮುಂತಾದ ಕೃದಂತಾವ್ಯಯಗಳು ತಮ್ಮ ಕರ್ತೃವನ್ನು ಸಾಮಾನ್ಯವಾಗಿ ಮುಂದಿನ ಪೂರ್ಣಕ್ರಿಯೆಯಿಂದ ಪಡೆಯುತ್ತವೆ. ‘ಮಳೆ ಬಂದು ತೋಡು ತುಂಬಿತು’ ಎಂಬಂಥ ವಾಕ್ಯಗಳಲ್ಲಿ ಕರ್ತೃ ಬೇರೆಯಾಗಬಹುದು. ಆದರೆ ಅಲ್ಲಿ ‘ಬಂದು’ ಎಂಬುದರ ಕರ್ತೃವಾದ ಮಳೆ ಅದರ ಪಕ್ಕದಲ್ಲೇ ನಿಂತಿದೆ. ಕರ್ತೃವನ್ನು ಹೇಳದೆ ಬಿಟ್ಟಾಗ ಎರಡು ಕ್ರಿಯೆಗಳಿಗೂ ಒಬ್ಬನೇ ಒಡೆಯ. ಇಂಗ್ಲಿಷಿನ ನಿಯಮವೂ ಇದೇ. ‘ನಾನು ನಡೆಯುತ್ತಿದ್ದಾಗ’ ಎಂದು ಕನ್ನಡದಲ್ಲಿ ತಿದ್ದುವಂತೆ ಅಲ್ಲಿ ‘ವೈಲ್ ಐ ವಾಸ್ ವಾಕಿಂಗ್’ ಎಂದು ತಿದ್ದಬೇಕು.

ಮೂರನೆಯದು ನಮ್ಮ ಲಿಪಿಯ ಉಪಕಾರ. ಯಾವ ಪದದ ಹಿಂದೆ ‘ಎ’, ಯಾವುದರ ಹಿಂದೆ ‘ಆ್ಯನ್’ ಎಂಬ ಪ್ರಶ್ನೆಗೆ ‘ಸ್ವರಾಕ್ಷರದ ಹಿಂದೆ ಆ್ಯನ್’ ಎಂದು ಕಂಠಪಾಠ ಮಾಡಿದವರು ‘ಆ್ಯನ್ ಯೂನಿವರ್ಸಿಟಿ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಆ ನಿಯಮ ಅಕ್ಷರದ್ದಲ್ಲ, ಉಚ್ಚಾರಣೆಯದ್ದು. ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ‘ಅಂಬ್ರೆಲಾ’ ಸ್ವರದಿಂದ ಮೊದಲಾಗುತ್ತದೆ, ‘ಯೂನಿವರ್ಸಿಟಿ’ ವ್ಯಂಜನದಿಂದ. ಇಂಗ್ಲಿಷಿನಲ್ಲಿ ಎರಡಕ್ಕೂ ಮೊದಲಕ್ಷರ ಒಂದೇ ಆಗಿದ್ದರೂ ಕನ್ನಡ ಲಿಪಿಯಲ್ಲಿ ಭೇದ ಕಣ್ಣಿಗೆ ಕಾಣುತ್ತದೆ. ‘ಅವರ್’, ‘ಆನೆಸ್ಟ್’, ‘ಎಂ.ಎ.’ ಇವಕ್ಕೆಲ್ಲ ‘ಆ್ಯನ್’. ‘ಹೌಸ್’, ‘ಯುರೋಪಿಯನ್’ ಇವಕ್ಕೆ ‘ಎ’. ಒಂದು ಎಚ್ಚರ ಬೇಕು. ಮಾತಿನಲ್ಲಿ ನಾವು ಎಕಾರಕ್ಕೆ ಯಕಾರವನ್ನು ಅಂಟಿಸಿ ‘ಎಗ್’ ಎಂಬುದನ್ನು ‘ಯೆಗ್’ ಎನ್ನುವುದುಂಟು. ಇನ್ನೊಂದು ಕಡೆ, ವಕಾರದಿಂದ ಆರಂಭವಾಗುವ ‘ವನ್’ ಎಂಬುದನ್ನು ಬರೆಯುವಾಗ ‘ಒನ್’ ಎಂದು ಸ್ವರವಾಗಿಸುತ್ತೇವೆ. ಮೇಲೆ ನಾನೂ ಹಾಗೆಯೇ ಬರೆದಿದ್ದೇನೆ. ಲಿಪಿ ನೆರವಾಗಬೇಕಾದರೆ ಉಚ್ಚಾರಣೆ ಮೊದಲು ಸರಿಯಿರಬೇಕು.

ಇನ್ನು ಕನ್ನಡವೇ ದಾರಿ ತಪ್ಪಿಸುವ ಜಾಗಗಳು. ಇವನ್ನು ಮುಚ್ಚಿಟ್ಟು ನನ್ನ ವಾದವನ್ನು ಗೆಲ್ಲಿಸಿಕೊಳ್ಳುವುದು ಸರಿಯಲ್ಲ. ‘ವಿ ಡಿಸ್ಕಸ್ಡ್ ಅಬೌಟ್ ದ ಪೊಯೆಮ್’ ಎಂದು ನಮ್ಮವರು ಬರೆಯುವುದು ‘ಕವಿತೆಯ ಬಗ್ಗೆ ಚರ್ಚಿಸಿದೆವು’ ಎಂಬ ಕನ್ನಡದಿಂದ. ‘ರೀಚ್ಡ್ ಟು ಮಂಗಳೂರು’ ಎಂಬುದು ‘ಮಂಗಳೂರಿಗೆ ತಲುಪಿದೆ’ ಎಂಬುದರಿಂದ. ‘ಎಂಟರ್ಡ್ ಇನ್‌ಟು ದ ರೂಮ್’ ಎಂಬುದು ‘ಕೋಣೆಯೊಳಗೆ ಹೊಕ್ಕನು’ ಎಂಬುದರಿಂದ. ಮೂರರಲ್ಲಿಯೂ ಇಂಗ್ಲಿಷ್ ನಡುವಿನ ಪದವನ್ನು ಬೇಡುವುದಿಲ್ಲ. ಈ ಮೂರು ಕ್ರಿಯೆಗಳಿಗೂ ಕನ್ನಡದಲ್ಲಿ ಎರಡನೆಯ ದಾರಿಯೊಂದಿದೆ: ಕವಿತೆಯನ್ನು ಚರ್ಚಿಸಿದೆವು, ಮಂಗಳೂರನ್ನು ತಲುಪಿದೆ, ಕೋಣೆಯನ್ನು ಹೊಕ್ಕನು. ಈ ಮೂರಕ್ಕೂ ಇಂಗ್ಲಿಷ್ ಆರಿಸಿಕೊಂಡಿರುವುದು ನಮ್ಮ ದ್ವಿತೀಯೆಯ ದಾರಿಯನ್ನು. ತಪ್ಪನ್ನು ಹೀಗೆ ಅರ್ಥಮಾಡಿಕೊಂಡವನು ಅದನ್ನು ಮರೆಯುವುದಿಲ್ಲ. ‘ಡಿಸ್ಕಸ್ ಮುಂದೆ ಅಬೌಟ್ ಬೇಡ’ ಎಂದು ಬಾಯಿಪಾಠ ಮಾಡಿದವನು ಪರೀಕ್ಷೆಯ ಬೆಳಗ್ಗೆ ಮರೆಯುತ್ತಾನೆ.

‘ಸೀನಿಯರ್ ದ್ಯಾನ್ ಮಿ’ ಎಂಬುದರ ಹಿಂದೆ ‘ನನಗಿಂತ ಹಿರಿಯ’ ಎಂಬುದರ ‘ಇಂತ’ ಇದೆ. ಅಲ್ಲಿ ‘ಸೀನಿಯರ್ ಟು’ ಎಂದಾಗಬೇಕು. ‘ಯು ಆರ್ ಕಮಿಂಗ್, ನೋ?’ ಎಂಬುದರ ಹಿಂದೆ ಎಲ್ಲ ವಾಕ್ಯಗಳಿಗೂ ಒಂದೇ ರೂಪದಲ್ಲಿ ಹೊಂದುವ ನಮ್ಮ ‘ಅಲ್ಲವೇ’ ಇದೆ. ಇಂಗ್ಲಿಷಿನ ಬಾಲಪ್ರಶ್ನೆ ಪ್ರತಿ ವಾಕ್ಯಕ್ಕೂ ವೇಷ ಬದಲಿಸುತ್ತದೆ. ‘ಟೆಲ್ ಮಿ ವೇರ್ ಈಸ್ ದ ಲೈಬ್ರರಿ’ ಎಂಬ ತಪ್ಪಿಗೂ ಕಾರಣವುಂಟು. ‘ಗ್ರಂಥಾಲಯ ಎಲ್ಲಿದೆ?’ ಎಂಬ ಪ್ರಶ್ನೆಯನ್ನು ‘ಗ್ರಂಥಾಲಯ ಎಲ್ಲಿದೆ ಎಂದು ಹೇಳು’ ಎಂದು ದೊಡ್ಡ ವಾಕ್ಯದೊಳಗೆ ಸೇರಿಸಿದಾಗ ಕನ್ನಡದಲ್ಲಿ ಪದಕ್ರಮ ಅಲುಗುವುದಿಲ್ಲ. ಇಂಗ್ಲಿಷಿನಲ್ಲಿ ಕ್ರಮ ಮರಳಿ ಸಾಮಾನ್ಯ ವಾಕ್ಯದ್ದಾಗಬೇಕು: ‘ವೇರ್ ದ ಲೈಬ್ರರಿ ಈಸ್.’ ಇಲ್ಲಿ ಕನ್ನಡ ನೆರವಿಗೆ ಬರುವುದಿಲ್ಲ. ಆದರೆ ಯಾಕೆ ಬರುವುದಿಲ್ಲವೆಂದು ತಿಳಿಸುವುದೂ ಕನ್ನಡ ವ್ಯಾಕರಣವೇ.

ಲೇಖನ ಚಿಹ್ನೆಗಳ ಮಾತು ಪ್ರತ್ಯೇಕವಾದದ್ದು. ನಮ್ಮ ಓಲೆಗರಿಗಳಲ್ಲಿ ಅಲ್ಪವಿರಾಮವಾಗಲಿ, ಉದ್ಧರಣ ಚಿಹ್ನೆಯಾಗಲಿ, ಪ್ರಶ್ನಾರ್ಥಕ ಚಿಹ್ನೆಯಾಗಲಿ ಇರಲಿಲ್ಲ. ಪದ್ಯದ ಕೊನೆಗೆ ದಂಡ ಬಂದರೆ ಮುಗಿಯಿತು. ಆದರೂ ಅರ್ಥ ಕೆಡಲಿಲ್ಲ, ಯಾಕೆಂದರೆ ಚಿಹ್ನೆ ಮಾಡಬೇಕಾದ ಕೆಲಸವನ್ನು ಪ್ರತ್ಯಯಗಳೂ ಅವ್ಯಯಗಳೂ ಮಾಡುತ್ತಿದ್ದುವು. ‘ತಾಯಿಯೂ ಮಗಳೂ’ ಎಂಬಲ್ಲಿ ‘ಊ’ ಅಲ್ಪವಿರಾಮದ ಕೆಲಸ ಮಾಡುತ್ತದೆ. ‘ಬಂದನೇ’ ಎಂಬಲ್ಲಿ ‘ಏ’ ಪ್ರಶ್ನಾರ್ಥಕ. ‘ಬರುತ್ತೇನೆ ಎಂದನು’ ಎಂಬಲ್ಲಿ ‘ಎಂದನು’ ಎನ್ನುವುದೇ ಕಿವಿಗೆ ಕೇಳುವ ಉದ್ಧರಣ ಚಿಹ್ನೆ. ಆದ್ದರಿಂದಲೇ ಚಿಹ್ನೆಯೆಂದರೆ ವಾಕ್ಯಕ್ಕೆ ಇಡುವ ಬೊಟ್ಟು, ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂಬ ಉದಾಸೀನ ನಮ್ಮಲ್ಲಿ ಬೆಳೆದಿದೆ.

ಇಂಗ್ಲಿಷಿನಲ್ಲಿ ಆ ಉದಾಸೀನಕ್ಕೆ ಬೆಲೆ ತೆರಬೇಕಾಗುತ್ತದೆ. ‘ಲೆಟ್ಸ್ ಈಟ್, ಗ್ರ್ಯಾಂಡ್‌ಮಾ’ ಎಂಬ ವಾಕ್ಯದ ಅಲ್ಪವಿರಾಮವನ್ನು ತೆಗೆದರೆ ಊಟಕ್ಕೆ ಕರೆಸಿಕೊಂಡ ಅಜ್ಜಿಯೇ ಊಟವಾಗುತ್ತಾಳೆ ಎಂಬ ತಮಾಷೆ ಎಲ್ಲರಿಗೂ ಗೊತ್ತು. ಅದು ಕನ್ನಡದಲ್ಲಿ ಯಾಕೆ ಸಾಧ್ಯವಿಲ್ಲವೆಂದು ಕೇಳಿಕೊಂಡವರು ಕಡಿಮೆ. ‘ಅಜ್ಜೀ’ ಎಂಬುದು ಸಂಬೋಧನೆ. ‘ಅಜ್ಜಿಯನ್ನು’ ಎಂಬುದು ದ್ವಿತೀಯೆ. ನಮ್ಮ ಅಜ್ಜಿಯನ್ನು ಕಾಪಾಡುತ್ತಿರುವುದು ವಿಭಕ್ತಿ. ವಿಭಕ್ತಿ ಪ್ರತ್ಯಯಗಳನ್ನು ಬಹುಮಟ್ಟಿಗೆ ಕಳೆದುಕೊಂಡಿರುವ ಇಂಗ್ಲಿಷಿನಲ್ಲಿ ಆ ಕೆಲಸ ಪದಕ್ರಮಕ್ಕೂ ಚಿಹ್ನೆಗೂ ಬಿದ್ದಿದೆ. ಆದ್ದರಿಂದ ಇಂಗ್ಲಿಷ್ ವಾಕ್ಯದ ಅಲ್ಪವಿರಾಮವನ್ನು ಕನ್ನಡದ ಒಂದು ಪ್ರತ್ಯಯದಷ್ಟೇ ಗೌರವದಿಂದ ನೋಡಬೇಕು.

ಅಕ್ಷರದ ಹೆಗಲ ಮೇಲೆ ಕೂರುವ ಅಪಾಸ್ಟ್ರಫಿಯ ಕಥೆಯೂ ಇದೇ. ‘ಬಾಯ್ಸ್’ ಎಂದು ಉಚ್ಚರಿಸಿದಾಗ ಅದು ಹುಡುಗರೋ, ಹುಡುಗನದೋ, ಹುಡುಗರದೋ ಕಿವಿಗೆ ತಿಳಿಯದು. ಬರಹದಲ್ಲಿ ಮಾತ್ರ ಭೇದವುಂಟು: ಚಿಹ್ನೆಯೇ ಇಲ್ಲದಿದ್ದರೆ ‘ಹುಡುಗರು’, ಎಸ್ ಅಕ್ಷರದ ಹಿಂದೆ ಚಿಹ್ನೆಯಿದ್ದರೆ ‘ಹುಡುಗನ’, ಎಸ್ ಅಕ್ಷರವಾದ ಮೇಲೆ ಇದ್ದರೆ ‘ಹುಡುಗರ’. ಅಂದರೆ ಈ ಪುಟ್ಟ ಚಿಹ್ನೆ ಇಂಗ್ಲಿಷಿನಲ್ಲಿ ಉಳಿದಿರುವ ಷಷ್ಠಿಯ ಗುರುತು. ಅದು ಲೋಪದ ಗುರುತೂ ಹೌದು. ‘ಇಟ್ ಈಸ್’ ಎಂಬುದು ‘ಇಟ್ಸ್’ ಆದಾಗ ಲೋಪವಾದ ಸ್ವರದ ಜಾಗದಲ್ಲಿ ಅದು ನಿಲ್ಲುತ್ತದೆ. ಸಂಸ್ಕೃತ ಶ್ಲೋಕವನ್ನು ನಮ್ಮ ಲಿಪಿಯಲ್ಲಿ ಅಚ್ಚುಹಾಕುವಾಗ ಲೋಪವಾದ ಅಕಾರವನ್ನು ಅವಗ್ರಹ ತೋರಿಸುವಂತೆ. ಕನ್ನಡದ ಲೋಪಸಂಧಿಯಲ್ಲಿ ಹೀಗೆ ಗುರುತು ಉಳಿಸುವ ಪದ್ಧತಿಯಿಲ್ಲ. ‘ಊರಲ್ಲಿ’ ಎಂದು ಬರೆದು ಮುಂದೆ ಹೋಗುತ್ತೇವೆ.

ಇನ್ನು ಎಲ್ಲರೂ ಎಡವುವ ಜಾಗ: ಚಿಹ್ನೆಯಿರುವ ‘ಇಟ್ಸ್’ ಯಾವುದು, ಇಲ್ಲದ್ದು ಯಾವುದು? ಕನ್ನಡದ ಒಂದು ಒರೆಗಲ್ಲು ಸಾಕು. ಆ ಜಾಗದಲ್ಲಿ ‘ಅದರ’ ಎಂಬುದು ಹೊಂದಿದರೆ ಚಿಹ್ನೆ ಬೇಡ. ‘ಅದು’ ಎಂಬುದು ಹೊಂದಿದರೆ ಚಿಹ್ನೆ ಬೇಕು. ಮರ ಉದುರಿಸಿದ್ದು ‘ಅದರ’ ಎಲೆಗಳನ್ನು, ಆದ್ದರಿಂದ ಚಿಹ್ನೆಯಿಲ್ಲ. ‘ಅದು’ ಹಳೆಯ ಮರ, ಆದ್ದರಿಂದ ಚಿಹ್ನೆಯಿದೆ. ಈ ಒರೆಗಲ್ಲು ಕೈಯಲ್ಲಿದ್ದ ನಮ್ಮ ವಿದ್ಯಾರ್ಥಿನಿ ಆ ದಿನ ಅಂಥ ಎರಡು ಪ್ರಶ್ನೆಗಳನ್ನು ಒಂದು ನಿಮಿಷದಲ್ಲಿ ಮುಗಿಸಿದಳು.

ಪೂರ್ಣವಿರಾಮ ಬರಬೇಕಾದಲ್ಲಿ ಅಲ್ಪವಿರಾಮ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ‘ಇಟ್ ವಾಸ್ ರೇನಿಂಗ್, ವಿ ಸ್ಟೇಯ್ಡ್ ಅಟ್ ಹೋಮ್.’ ಎರಡು ಪೂರ್ಣಕ್ರಿಯೆಗಳನ್ನು ಬರಿಯ ಅಲ್ಪವಿರಾಮದಿಂದ ಕಟ್ಟಲು ಇಂಗ್ಲಿಷಿನ ಶಿಷ್ಟ ಬರಹ ಒಪ್ಪುವುದಿಲ್ಲ. ನಡುವೆ ಪೂರ್ಣವಿರಾಮವೋ ಅರ್ಧವಿರಾಮವೋ ಬರಬೇಕು, ಇಲ್ಲವೇ ‘ಸೋ’ ಎಂಬಂಥ ಸಂಬಂಧಪದ ಬರಬೇಕು. ಒಂದು ಪೂರ್ಣಕ್ರಿಯೆಯನ್ನು ಅಪೂರ್ಣಗೊಳಿಸಿ ‘ಮಳೆ ಬರುತ್ತಿದ್ದುದರಿಂದ ಮನೆಯಲ್ಲೇ ಉಳಿದೆವು’ ಎಂದು ಕಟ್ಟುವ ಕನ್ನಡದ ಕಸುಬನ್ನು ಬಲ್ಲವರಿಗೆ ಇಲ್ಲಿ ಏನು ಕೊರತೆಯಾಗಿದೆಯೆಂದು ಒಡನೆಯೇ ತಿಳಿಯುತ್ತದೆ.

ಇಷ್ಟೆಲ್ಲ ಇದ್ದೂ ನಮ್ಮ ವಿದ್ಯಾರ್ಥಿಗಳಿಗೆ ಯಾಕೆ ಕಾಣುತ್ತಿಲ್ಲ? ಕಾರಣ ನಮ್ಮಲ್ಲೇ ಇದೆ. ವ್ಯಾಕರಣವನ್ನು ನಾವು ಹೆಸರುಗಳ ಪಟ್ಟಿಯಾಗಿ ಮಾಡಿಟ್ಟಿದ್ದೇವೆ. ಆಗಮಸಂಧಿಗೆ ಎರಡು ಉದಾಹರಣೆ, ಕ್ರಿಯಾಸಮಾಸಕ್ಕೆ ಒಂದು ಲಕ್ಷಣ, ಅರಿಸಮಾಸಕ್ಕೆ ಟಿಪ್ಪಣಿ: ಎರಡು ಅಂಕ, ಮುಗಿಯಿತು. ‘ಜ್ವರವಿದ್ದರೂ ಕೂಡ ಆದರೆ ಅವನು ಬಂದನು’ ಎಂದು ಉತ್ತರಪತ್ರಿಕೆಯಲ್ಲಿ ಬರೆದವನಿಗೆ ನಾವು ಅಂಕ ಕಳೆಯುವುದಿಲ್ಲ. ‘ಇದ್ದರೂ’ ಎಂಬಲ್ಲಿ ಒಂದು ಬಾರಿ ಹೇಳಿದ್ದನ್ನು ‘ಆದರೆ’ ಎಂದು ಮತ್ತೆ ಹೇಳಿದೆಯೆಂದು ಅಂಚಿನಲ್ಲಿ ಬರೆದು ತೋರಿಸುವುದೂ ಇಲ್ಲ. ಅದೇ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ‘ಆಲ್ದೋ ಹಿ ವಾಸ್ ಇಲ್, ಬಟ್ ಹಿ ಕೇಮ್’ ಎಂದು ಬರೆದಾಗ ಅಲ್ಲಿ ಅಂಕ ಹೋಗುತ್ತದೆ. ಆಗ ಅವನು ತನ್ನ ಇಂಗ್ಲಿಷನ್ನು ಹಳಿದುಕೊಳ್ಳುತ್ತಾನೆ. ನಿಜವಾಗಿ ಕೆಟ್ಟಿದ್ದು ಮೊದಲು ಅವನ ಕನ್ನಡ ವಾಕ್ಯ, ಮತ್ತು ಅದನ್ನು ಕಂಡೂ ಸುಮ್ಮನಿದ್ದವರು ನಾವು.

ಇದರಲ್ಲಿ ನನ್ನ ಪಾಲೂ ಇದೆ. ಆ ಮಧ್ಯಾಹ್ನ ಹೊರಡುವಾಗ ವಿದ್ಯಾರ್ಥಿನಿ ವಿಭಾಗದ ಸೂಚನಾ ಫಲಕದ ಮುಂದೆ ನಿಂತಳು. ‘ಪ್ರಬಂಧ ಸ್ಪರ್ಧೆಯ ವಿಜೇತರ ಹೆಸರುಗಳ ಪಟ್ಟಿಯನ್ನು ಪ್ರಕಟಿಸಲಾಗಿವೆ’ ಎಂದು ಅಲ್ಲಿ ಬರೆದಿತ್ತು. “ಸರ್, ಪಟ್ಟಿ ಒಂದೇ ಅಲ್ಲವೇ?” ಎಂದಳು. ಅಡಿಕೆಯ ಬೆಲೆಯ ವಾಕ್ಯದಲ್ಲಿದ್ದ ತಪ್ಪೇ ಅದು. ನಡುವಿನ ‘ಹೆಸರುಗಳು’ ಬರೆದವನ ಕೈಯನ್ನು ಬಹುವಚನದತ್ತ ಎಳೆದಿತ್ತು. ಆ ಸೂಚನೆಯನ್ನು ಬರೆದವನು ನಾನೇ. ಎಂಟು ದಿನ ಅದು ಅಲ್ಲಿದ್ದು, ಓಡಾಡಿದ ಯಾರೂ ಏನೂ ಹೇಳಿರಲಿಲ್ಲ.

ಈ ಕೆಲಸ ಇಂಗ್ಲಿಷ್ ವಿಭಾಗದ್ದು, ನಮಗೇಕೆ ಎಂದು ಸಹೋದ್ಯೋಗಿಗಳು ಕೇಳಬಹುದು. ಅವರಿಗೆ ಕಿಟೆಲ್ ಅವರನ್ನು ನೆನಪಿಸುತ್ತೇನೆ. ನಮ್ಮ ಊರಿನಿಂದ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು, 1903ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ ಅಚ್ಚಾದುವು. ಆಗ ಕಾಸರಗೋಡು ಮಂಗಳೂರುಗಳೆರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುವು. ನಾವು ಕೇರಳಕ್ಕೆ ಸೇರಿದ್ದು 1956ರಲ್ಲಿ. ಕಿಟೆಲ್ ಜರ್ಮನಿಯವರು. ಇಂಗ್ಲಿಷ್ ಅವರಿಗೂ ಕಲಿತ ಭಾಷೆ, ಕನ್ನಡವೂ ಕಲಿತ ಭಾಷೆ. ಕಲಿತ ಒಂದು ಭಾಷೆಯನ್ನು ಕಲಿತ ಇನ್ನೊಂದು ಭಾಷೆಯಲ್ಲಿ ವಿವರಿಸಹೊರಟಾಗ ಅವರು ಆಸರೆಯಾಗಿ ಹಿಡಿದದ್ದು ಕೇಶಿರಾಜನನ್ನು. ಎರಡು ಭಾಷೆಗಳ ವ್ಯಾಕರಣವನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡುವುದು ನಮ್ಮ ವಿಷಯದೊಳಗಿನ ಕೆಲಸವೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಂಭೀರವಾದದ್ದು. ತಪ್ಪು ಹುಡುಕುವುದನ್ನು ಕಲಿಸಿದರೆ ವಿದ್ಯಾರ್ಥಿಗಳು ಬಾಯಿ ತೆರೆಯಲು ಅಂಜುತ್ತಾರೆ, ಪರರ ಮಾತನ್ನು ಹೀಯಾಳಿಸುತ್ತಾರೆ ಎಂಬುದು. ಈ ಭಯ ಆಧಾರವಿಲ್ಲದ್ದಲ್ಲ. ಗಡಿನಾಡಿನ ಕನ್ನಡವನ್ನು ‘ಇದೆಂಥ ಕನ್ನಡ’ ಎಂದು ಮೂಗು ಮುರಿದವರ ಎದುರು ನಾವೆಲ್ಲ ಒಮ್ಮೆಯಾದರೂ ನಿಂತಿದ್ದೇವೆ. ಕವಿರಾಜಮಾರ್ಗದ ಪರಿಚ್ಛೇದದ ಹೆಸರನ್ನು ಮತ್ತೊಮ್ಮೆ ನೋಡಿ. ಅಲ್ಲಿರುವುದು ದೋಷವಷ್ಟೇ ಅಲ್ಲ, ಅದೋಷವೂ ಹೌದು. ದೇಸಿಯ ಬಗೆಗಳು ಎಣಿಸಿ ಮುಗಿಯದಷ್ಟು ಇವೆಯೆಂದು ಒಪ್ಪಿಕೊಂಡ ಗ್ರಂಥವೂ ಅದೇ. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬುದು ಪರೀಕ್ಷೆಯಲ್ಲಿ ತಪ್ಪು; ಅಲ್ಲಿ ‘ಐ ಹ್ಯಾವ್’ ಎಂದೇ ಬರೆಯಬೇಕು. ಆದರೆ ಮಾತಿನಲ್ಲಿ ಹಾಗೆ ಹೇಳಿದವರ ತಿಳಿವಳಿಕೆಯನ್ನೋ ಸಂಸ್ಕಾರವನ್ನೋ ಅದು ಅಳೆಯುವುದಿಲ್ಲ. ಬರಹದ ದೋಷವನ್ನೂ ಮಾತಿನ ಭೇದವನ್ನೂ ಬೇರೆ ಬೇರೆಯಾಗಿ ಕಾಣುವುದನ್ನು ಕಲಿಸುವುದೇ ಈ ಭಯಕ್ಕೆ ಉತ್ತರ. ಆ ವಿವೇಕವನ್ನು ಕಲಿಸಲು ಗಡಿನಾಡಿನ ಕನ್ನಡ ತರಗತಿಗಿಂತ ತಕ್ಕ ಜಾಗ ಇನ್ನೊಂದಿಲ್ಲ.

ಸಾಹಿತ್ಯ ಪಾಠಕ್ಕೆ ಇರುವ ಗಂಟೆಗಳೇ ಸಾಲವು ಎಂಬ ಮಾತೂ ಬರುತ್ತದೆ. ನಾನು ಕೇಳುತ್ತಿರುವುದು ಹದಿನೈದು ದಿನಗಳಿಗೊಮ್ಮೆ ಒಂದು ಗಂಟೆ. ಹತ್ತು ಇಂಗ್ಲಿಷ್ ವಾಕ್ಯ, ಹತ್ತು ಕನ್ನಡ ವಾಕ್ಯ. ಎರಡಕ್ಕೂ ಅವೇ ಪ್ರಶ್ನೆಗಳು. ಪೂರ್ಣಕ್ರಿಯೆ ಯಾವುದು? ಅದರ ಕರ್ತೃ ಯಾರು? ಅಪೂರ್ಣಕ್ರಿಯೆಯ ಒಡೆಯ ಯಾರು? ಈ ಪದ ಯಾವ ವಿಭಕ್ತಿಯ ಕೆಲಸ ಮಾಡುತ್ತಿದೆ? ಈ ಚಿಹ್ನೆಯನ್ನು ತೆಗೆದರೆ ಅರ್ಥ ಎಲ್ಲಿ ಕೆಡುತ್ತದೆ? ಈ ಗಂಟೆಯಿಂದ ಪಂಪ ರನ್ನರಿಗೆ ನಷ್ಟವೇನೂ ಆಗದು. ವಾಕ್ಯವನ್ನು ಬಿಡಿಸಿ ನೋಡಬಲ್ಲವರೇ ಅವರ ಪದ್ಯವನ್ನು ಗದ್ಯಾನುವಾದದ ಹಂಗಿಲ್ಲದೆ ಓದಬಲ್ಲವರು.

ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟು. ಅಭ್ಯಾಸ ಪುಸ್ತಕದಲ್ಲಿ ಉತ್ತರ ತಪ್ಪಾದಾಗ ಹಿಂದಿನ ಪುಟದ ಕೀಲಿಯನ್ನು ನೋಡಿ ಗೀಟು ಹಾಕಿ ಮುಂದೆ ಹೋಗಬೇಡಿ. ಆ ವಾಕ್ಯವನ್ನು ಕನ್ನಡದಲ್ಲಿ ಬರೆಯಿರಿ. ಕನ್ನಡ ನೆರವಾಯಿತೇ, ದಾರಿ ತಪ್ಪಿಸಿತೇ, ಇಲ್ಲ ಸುಮ್ಮನಿದ್ದಿತೇ ಎಂದು ಪಕ್ಕದಲ್ಲಿ ಗುರುತು ಮಾಡಿ. ಒಂದು ತಿಂಗಳಲ್ಲಿ ನಿಮ್ಮ ತಪ್ಪುಗಳು ಎಷ್ಟು ಕೆಲವೇ ಬಗೆಯವು ಎಂಬುದು ನಿಮಗೇ ಕಾಣುತ್ತದೆ. ಯಾವ ಬಗೆಗೂ ಸೇರದ ವಾಕ್ಯ ಸಿಕ್ಕಿದರೆ ವಿಭಾಗಕ್ಕೆ ತನ್ನಿ, ಕೂತು ನೋಡೋಣ. ಬರುವಾಗ ಸೂಚನಾ ಫಲಕವನ್ನೂ ಒಮ್ಮೆ ಓದಿ ಬನ್ನಿ. ಹಳೆಯ ಸೂಚನೆಯನ್ನು ತಿದ್ದಿದ್ದೇನೆ. ಹೊಸತೊಂದನ್ನು ನಿನ್ನೆ ಹಾಕಿದ್ದೇನೆ. ಅದರಲ್ಲಿ ತಪ್ಪಿಲ್ಲವೆಂದು ಪ್ರಮಾಣ ಮಾಡಿ ಹೇಳಲಾರೆ.